ಕಾಲಂ ಏಳು

ಪಾಲಿಕೆಯ ತಪಾಸಣಾ ನಮೂನೆಯಲ್ಲಿ ಏಳನೆಯ ಕಾಲಂ:
‘ದುರ್ವಾಸನೆ ಇದೆಯೇ? ಇದ್ದಲ್ಲಿ ಎಷ್ಟು ದೂರದವರೆಗೆ?’
ಹದಿನಾರು ವರ್ಷ ಅದನ್ನು ಮೂಗಿನಿಂದಲೇ ತುಂಬಿದೆ.
ಎಲುಬಿನ ಗೋಡೌನು, ತೊಗಲಿನ ಮಂಡಿ,
ಕೋಳಿಪುಕ್ಕದ ಗುಂಡಿ, ಬೆಲ್ಲ ಕೊಳೆಸಿದ ಡ್ರಮ್ಮು.
ಗಾಡಿ ನಿಲ್ಲಿಸಿ, ಉಸಿರೆಳೆದು, ಹೆಜ್ಜೆ ಎಣಿಸಿ
ಇನ್ನೂರು ಮೀಟರು, ಮುನ್ನೂರು,
ಮಳೆ ಹನಿದಿದ್ದರೆ ನಾನೂರು.
‘ನಾಯಿಮೂಗಿನ ಸಾಹೇಬ’ ಅಂದರು ಬೆನ್ನ ಹಿಂದೆ.
ಕೇಳಿಸಿತು. ಒಳಗೊಳಗೇ ಹಿಗ್ಗಿದೆ.

ಆ ಜ್ವರದ ವರ್ಷ ಮೂಗು ಹೋಯಿತು.
ಕೆಮ್ಮು ಬಿಟ್ಟಿತು, ಸುಸ್ತು ಬಿಟ್ಟಿತು,
ವಾಸನೆ ಮಾತ್ರ ತಿರುಗಿ ಬರಲಿಲ್ಲ.
ಆಫೀಸಿಗೆ ಹೇಳಲಿಲ್ಲ.
ಕಣ್ಣು ಮಂಜಾದ ದರ್ಜಿ ಗಿರಾಕಿಗೆ ಹೇಳುತ್ತಾನೆಯೇ?
ಹಳೇ ಅಂದಾಜಿನಲ್ಲಿ ಬರೆಯುತ್ತ ಬಂದೆ,
ಇನ್ನೂರು, ಮುನ್ನೂರು.

ಈಗ ಮಂಡಕ್ಕಿ ಭಟ್ಟಿಯ ಮೇಲೆ ಅರ್ಜಿ.
ಹೊಸ ಬಡಾವಣೆಯ ಇಪ್ಪತ್ತಮೂರು ಸಹಿ,
ವಾಚ್‌ಮನ್ನನದೊಂದು ಹೆಬ್ಬೆಟ್ಟು.
ಟೆರೇಸಿನಲ್ಲಿ ಒಣಹಾಕಿದ ಪಂಚೆಗೆ ಮಸಿ ಕೂತಿತೆಂದು
ಅಂಗೈಯಗಲ ಕತ್ತರಿಸಿ ಪಿನ್ನು ಚುಚ್ಚಿ ಕಳಿಸಿದ್ದಾರೆ.

ಬೆಳಗಿನ ಜಾವ ನಾಲ್ಕಕ್ಕೆ ಹೋದೆ.
ತಗಡಿನ ಸೂರು, ಒಳಗೆ ಕೆಂಪು ಬಾಯಿ.
ಬುಡೇನ್‌ಸಾಬ್ ಎದ್ದು ನಿಂತ:
‘ಬರೀ ಹೊಟ್ಟು ರೀ ಸಾಹೇಬ್ರೆ. ಬೇಕಾದ್ರೆ ಮೂಸಿ ನೋಡ್ರಿ.’
ಮೂಸಿದೆ.
ಗೋಡೆ ಮೂಸಿದ ಹಾಗೆ.
ಕೋಲಿನಿಂದ ಬೂದಿ ಕೆದಕಿದೆ. ತಂತಿಯ ಸಿಂಬಿಗಳು,
ಒಂದು, ಎರಡು, ಒಂಬತ್ತು. ಟೈರಿನ ಎಲುಬು.
ಹೊಟ್ಟಿಗೆ ಎಲುಬಿರುವುದಿಲ್ಲ.
‘ಹೊಟ್ಟೆಲ್ಲ ಇಟ್ಟಿಗೆಯವರು ಒಯ್ತಾರೆ ರೀ, ಎರಡರಷ್ಟು ಕೊಟ್ಟು.
ಕೊಡ್ರಿ ನೋಟೀಸು. ಹೋದ ವರ್ಷದ್ದರ ಪಕ್ಕ ಮೊಳೆ ಹೊಡೀತೀನಿ.’

ನೋಟೀಸು ಬರೆದೆ. ಕಾಲಂ ಏಳು ಉಳಿಯಿತು.
ಬಾಣಲೆಯ ಮುಂದೆ ಜೈತುನ್‌ಬಿ.
ಕರೀ ಮರಳಿಗೆ ಒಂದು ಬೊಗಸೆ ಅಕ್ಕಿ ಎರಚಿದಳು;
ಎಣಿಸಿ ನಾಲ್ಕು ಉಸಿರು,
ಬಾಣಲೆ ತುಂಬ ಬೆಳ್ಳಗೆ ಉಬ್ಬಿ ಎದ್ದಿತು.
‘ವಾಸನೆ ಬರ್ತೈತೇನಮ್ಮ?’
‘ಎಂಥ ವಾಸ್ನೆ ರೀ?’ ಅಂದಳು. ಸುಳ್ಳಲ್ಲ.
ಮೂವತ್ತು ವರ್ಷದ ಬಾಣಲೆ ಅದು.
ನನ್ನಂಥದೇ ಇನ್ನೊಂದು ಮೂಗು.

ಚೀಲದ ಗುಡ್ಡೆಯ ಹಿಂದೆ ಸೊಸೆ, ರುಖಿಯಾ.
ಜಗಳೂರಿಂದ ಬಂದು ಹನ್ನೊಂದು ದಿನ.
ಆಳೆತ್ತರದ ಮಂಡಕ್ಕಿ ಚೀಲವನ್ನು
ಕೂಸಿನಂತೆ ಎತ್ತಿಕೊಂಡು ನಿಂತಿದ್ದಳು, ಅಷ್ಟು ಹಗುರ.
‘ಮೊದಲ್ನೇ ದಿನ ವಾಂತಿ ಆತು ರೀ.
ನಾಕನೇ ದಿನ ತಲೆನೋವು ಅಷ್ಟೇ.
ಈಗ ಎದ್ದ ಹೊತ್ತಿಗೆ ಒಂಚೂರು ಬರ್ತೈತಿ.
ಆಮೇಲೆ ಇಲ್ಲ.’
ಜೈತುನ್‌ಬಿ ಜರಡಿ ತಟ್ಟುತ್ತ,
ಜ್ವರದ ಮಗುವಿಗೆ ಹೇಳುವ ದನಿಯಲ್ಲಿ,
‘ಇನ್ನೊಂದು ವಾರ. ಪೂರಾ ಹೋಗ್ತೈತಿ ಬಿಡವ್ವ.’

ಬರೆದೆ:
‘ಇದೆ. ಹದಿನೆಂಟು ದಿನದವರೆಗೆ.’

ಐದು ದಿನಕ್ಕೆ ಫೈಲು ಮರಳಿತು. ಹಸಿರು ಶಾಯಿ:
‘ಅಳತೆ ಮೀಟರಿನಲ್ಲಿರತಕ್ಕದ್ದು. ಪುನಃ ಪರಿಶೀಲಿಸಿ.’
ಹೇಗೆ? ಆ ಹುಡುಗಿಯನ್ನು ರಸ್ತೆಗೆ ಕರೆದು
ಮುಂದೆ ನಡೆಸಿ, ಹಿಂದೆ ಹೆಜ್ಜೆ ಎಣಿಸುತ್ತ,
‘ಈಗ ಬರ್ತೈತಾ? ಈಗ?’ ಅನ್ನಲೇ?

ಸಂಜೆ ಸರ್ಕಲ್ಲಿನ ಗಾಡಿಯಲ್ಲಿ ಒಂದು ಪ್ಲೇಟು ಹೇಳಿದೆ.
ನನಗೀಗ ಮಂಡಕ್ಕಿಯೆಂದರೆ ಬರೀ ಸದ್ದು.
ಈರುಳ್ಳಿಯೂ ಸದ್ದು, ಸ್ವಲ್ಪ ಒದ್ದೆ ಸದ್ದು.
ಮೆಣಸಿನಕಾಯಿ ಕಚ್ಚಿದಾಗ ಮಾತ್ರ
ಕಿವಿತನಕ ಉರಿ ಹತ್ತಿ ಮೂಗು ಸೋರಿತು.
ಅಷ್ಟು ಕೆಲಸ ಇನ್ನೂ ಮಾಡುತ್ತದೆ.
ಕರ್ಚೀಫಿನಲ್ಲಿ ಒರೆಸಿಕೊಂಡು
ಎಡಗೈ ಬೆರಳು ಮಡಿಚಿ ಎಣಿಸಿದೆ:
ಹದಿನಾರು ಇವತ್ತು.
ನಾಡಿದ್ದು, ಗುರುವಾರ.